ಕಂಕನಾಡಿಯ ಫಾದರ್ ಮುಲ್ಲರ್

ದಾಸೋಹದ ಮಠದ ಈ ಮಹೋತ್ಸವ ಸಂಪುಟದಲ್ಲಿ ಪರದೇಶದಿಂದ ಬಂದ ಪರಮತೀಯ ಸಂನ್ಯಾಸಿಯೊಬ್ಬರ ಚರಿತ್ರೆಯು ಹೇಗೆ ಸಲ್ಲುವುದೆಂದು ಭಕ್ತಜನರಲ್ಲಿ ಕೆಲವರು ಶಂಕಿಸಬಹುದು. ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸಿದವರ ಕುಲವನ್ನು ಕೇಳುವುದು ಶರಣರ ಪದ್ಧತಿಯಲ್ಲ. ಈಗ ಕಡಬ ತಾಲೂಕಿಗೆ ಸೇರಿದ ಪೆರಾಬೆಯವರಿಗೂ ಪುತ್ತೂರು ಸೀಮೆಯವರಿಗೂ ಮಂಗಳೂರಿನ ಕಂಕನಾಡಿ ಆಸ್ಪತ್ರೆಯ ಹೆಸರು ಚಿರಪರಿಚಿತ. ಅದನ್ನು ಕಟ್ಟಿದವರ ಬಾಳು ಅಷ್ಟು ಪರಿಚಿತವಲ್ಲ.

ಅಗಸ್ಟಸ್ ಮುಲ್ಲರ್ ಅವರು 1841ರಲ್ಲಿ ಜರ್ಮನಿಯಲ್ಲಿ ಜನಿಸಿ, ಜೆಸುಯಿಟ್ ಸಭೆಯನ್ನು ಸೇರಿ, 1878ರ ಕಡೆಯ ದಿನ ಮಂಗಳೂರಿಗೆ ಬಂದರು. ಸಂತ ಅಲೋಶಿಯಸ್ ಕಾಲೇಜಿನಲ್ಲಿ ಉಪಾಧ್ಯಾಯರಾಗಿದ್ದು, ತಾವು ಬಲ್ಲ ಹೋಮಿಯೋಪಥಿ ಔಷಧವನ್ನು ವಿದ್ಯಾರ್ಥಿಗಳಿಗೆ ಕೊಡುತ್ತಿದ್ದರು. 1880ರಲ್ಲಿ ಆಲದ ಮರವೊಂದರ ನೆರಳಿನಲ್ಲಿ ಬಡವರಿಗೂ ಔಷಧ ಹಂಚತೊಡಗಿದರು.

ಉಚಿತವಾಗಿ ಕೊಡುವುದಾದರೆ ವೆಚ್ಚಕ್ಕೆ ಹಣವೆಲ್ಲಿಯದು? ಇಲ್ಲಿಯೇ ಆ ಮಹನೀಯರ ಲೌಕಿಕ ಜಾಣ್ಮೆಯನ್ನು ಕಾಣಬೇಕು. ಯುರೋಪಿನಿಂದ ಔಷಧಗಳನ್ನು ತರಿಸಿ, ಕೊಳ್ಳಬಲ್ಲವರಿಗೆ ದೂರದ ಊರುಗಳಿಗೂ ಅಂಚೆಯಲ್ಲಿ ಕಳುಹಿಸಿ, ಬಂದ ಲಾಭವನ್ನು ಇಲ್ಲದವರಿಗಾಗಿ ವೆಚ್ಚಮಾಡಿದರು. 1890ರಲ್ಲಿ, ಸ್ವಂತ ಮನೆಯವರೇ ದೂರವಿಡುತ್ತಿದ್ದ ಕುಷ್ಠರೋಗಿಗಳಿಗೆ ಆಶ್ರಯಸ್ಥಾನವೂ 1895ರಲ್ಲಿ ಆಸ್ಪತ್ರೆಯೂ ಸಿದ್ಧವಾದವು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಮಹಾಮಾರಿ ಪ್ಲೇಗು ಊರೂರನ್ನು ಹಾಳುಗೆಡವುತ್ತ 1902ರಲ್ಲಿ ಮಂಗಳೂರನ್ನು ಮುಟ್ಟಿತು. ಇಲಿ ಬಿದ್ದಿತೆಂದರೆ ಜನರು ಮನೆ ತೊರೆದು ಬಯಲಿನಲ್ಲಿ ಗುಡಿಸಲು ಹಾಕುತ್ತಿದ್ದ ಕಾಲವದು. 2020ರ ಸಾಂಕ್ರಾಮಿಕದಲ್ಲಿ ನೆರೆಯವನ ಬಾಗಿಲನ್ನು ತಟ್ಟಲು ಅಂಜಿದ ನಮಗೆ ಆ ಭಯವನ್ನು ವಿವರಿಸಬೇಕಾಗಿಲ್ಲ. ಮುಲ್ಲರರು ಕಂಕನಾಡಿಯಲ್ಲಿ ಪ್ಲೇಗಿನವರಿಗಾಗಿಯೇ ಆಸ್ಪತ್ರೆಯನ್ನು ತೆರೆದರು. ಅವರ ಗುಳಿಗೆಗಳು ಪ್ಲೇಗನ್ನು ಗೆದ್ದುವೆಂದು ನಾವು ಹೇಳಲಾರೆವು. ಆಗ ಯಾವ ಪದ್ಧತಿಯ ವೈದ್ಯದಲ್ಲಿಯೂ ಅದಕ್ಕೆ ನಿಶ್ಚಿತ ಔಷಧವಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ದೊರೆತುದು 1940ರ ದಶಕದಲ್ಲಿ. ಮದ್ದಿಲ್ಲದ ಬೇನೆಯಲ್ಲಿ ರೋಗಿಗೆ ಬೇಕಾದುದು ಮಲಗಲು ಒಂದು ಸ್ಥಳ, ಗುಟುಕು ನೀರು, ಹೇಸದೆ ಮುಟ್ಟುವ ಒಂದು ಕೈ. ಅವನ್ನು ಮಾರಿ ಬಂದ ದಿನವೇ ಹೊಸದಾಗಿ ಹೊಂದಿಸಲಾಗದು. ಇಪ್ಪತ್ತೆರಡು ವರ್ಷ ದಿನದಿನವೂ ನಡೆದ ಸೇವೆಯೂ, ಅದರಿಂದ ಊರವರಲ್ಲಿ ಬೆಳೆದ ವಿಶ್ವಾಸವೂ ಅಂದಿಗೆ ಒದಗಿಬಂದವು.

1907ರಲ್ಲಿ ಆಗಿನ ಸರಕಾರವು ಅವರಿಗೆ ಕೈಸರ್-ಇ-ಹಿಂದ್ ಪದಕವನ್ನಿತ್ತಿತು. 1910ನೆಯ ನವೆಂಬರ್ 1ರಂದು ಅವರು ಕಾಲವಾದರು. ಆಲದ ಮರದಡಿಯ ಆ ಔಷಧದಾನವು ಇಂದು ಅವರದೇ ಹೆಸರಿನ ವೈದ್ಯಕೀಯ ಮಹಾವಿದ್ಯಾಲಯವಾಗಿ ಬೆಳೆದಿದೆ.