ಕಂದಾಯ ಕಟ್ಟಿದವರ ಮಾತು ನಡೆಯಬೇಕೆಂದ ಸುರೇಂದ್ರನಾಥ

ಕೋಲ್ಕತ್ತದಲ್ಲಿ ಸ್ವಂತ ಮನೆ ಮಾಡಿಕೊಂಡ ಕನ್ನಡಿಗರಿಗೆಲ್ಲ ಎಸ್.ಎನ್. ಬ್ಯಾನರ್ಜಿ ರಸ್ತೆ ಗೊತ್ತು. ನ್ಯೂ ಮಾರ್ಕೆಟ್ ಪಕ್ಕದ ಆ ರಸ್ತೆಯಲ್ಲೇ ಮಹಾನಗರ ಪಾಲಿಕೆಯ ಕೇಂದ್ರ ಕಚೇರಿ ಇದೆ. ರೈಟರ್ಸ್ ಬಿಲ್ಡಿಂಗ್ ಇಲ್ಲಿನವರ ಬಾಯಲ್ಲಿ ಲಾಲ್‌ಬಾಡಿ, ಅಂದರೆ ಕೆಂಪು ಮನೆ. ಪಾಲಿಕೆಯದು ಛೋಟೊ ಲಾಲ್‌ಬಾಡಿ. ನಮ್ಮ ಕಡೆ ಖಾತಾ ಬದಲಾವಣೆ ಎನ್ನುವುದಕ್ಕೆ ಇಲ್ಲಿ ಮ್ಯುಟೇಷನ್ ಎನ್ನುತ್ತಾರೆ. ಅದು ಮುಗಿದ ಮೇಲೆ ಮನೆ ಕಂದಾಯದ ಬಿಲ್ಲು ನಮ್ಮ ಹೆಸರಿಗೆ ಬರುತ್ತದೆ. ಲೆಕ್ಕಪತ್ರದ ವೃತ್ತಿಯಲ್ಲಿರುವ ನಾನು ಇಂಥ ಬಿಲ್ಲುಗಳನ್ನು ವರ್ಷವಿಡೀ ನೋಡುತ್ತೇನೆ. ಆ ರಸ್ತೆಗೆ ಹೆಸರು ಕೊಟ್ಟ ಸುರೇಂದ್ರನಾಥ ಬ್ಯಾನರ್ಜಿಯವರ ಬದುಕಿಗೂ ಈ ಬಿಲ್ಲಿಗೂ ಇರುವ ನಂಟನ್ನು ಇಲ್ಲಿ ಹೇಳಬೇಕೆನಿಸಿದೆ.

ಶಾಲೆಯ ಪಠ್ಯದಲ್ಲಿ ನಾವು ಓದಿದ ಸುರೇಂದ್ರನಾಥರು ಕಾಂಗ್ರೆಸ್ಸಿನ ಮಂದಗಾಮಿ ನಾಯಕ, 1895ರ ಪುಣೆ ಮತ್ತು 1902ರ ಅಹಮದಾಬಾದ್ ಅಧಿವೇಶನಗಳ ಅಧ್ಯಕ್ಷ, ಬಂಗಾಳ ವಿಭಜನೆಯನ್ನು ಎದುರಿಸಿದ ವಾಗ್ಮಿ. ಅಷ್ಟೇ ದೀರ್ಘವಾಗಿ ಅವರು ನಗರಸಭೆಯ ಸದಸ್ಯರೂ ಆಗಿದ್ದರು ಎಂಬುದು ಪಠ್ಯದಲ್ಲಿ ಬರುವುದಿಲ್ಲ.

1848ರ ನವೆಂಬರ್ 10ರಂದು ಕೋಲ್ಕತ್ತದ ವೈದ್ಯರೊಬ್ಬರ ಮಗನಾಗಿ ಅವರು ಹುಟ್ಟಿದರು. 1868ರಲ್ಲಿ ರಮೇಶಚಂದ್ರ ದತ್ತ, ಬಿಹಾರಿಲಾಲ್ ಗುಪ್ತರ ಜತೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ ಐಸಿಎಸ್ ಪರೀಕ್ಷೆ ಗೆದ್ದರು. ವಯಸ್ಸಿನ ಲೆಕ್ಕದ ತಕರಾರು ತೆಗೆದು ಅವರನ್ನು ಕೈಬಿಡಲು ನೋಡಿದಾಗ ಹೋರಾಡಿ ಹುದ್ದೆ ಪಡೆದರು. ಸಿಲ್ಹೆಟ್‌ನಲ್ಲಿ ಸಹಾಯಕ ಮ್ಯಾಜಿಸ್ಟ್ರೇಟ್ ಆದರು. ಒಂದು ಕಡತದ ಲೋಪವನ್ನು ಮುಂದೆ ಮಾಡಿ 1874ರಲ್ಲಿ ಸರ್ಕಾರ ಅವರನ್ನು ವಜಾ ಮಾಡಿತು. ಮೇಲ್ಮನವಿ ಹೊತ್ತು ಮತ್ತೆ ಲಂಡನ್ನಿಗೆ ಹೋದರೂ ಫಲ ಸಿಗಲಿಲ್ಲ. ವಕೀಲಿಕೆಯ ಬಾಗಿಲೂ ಮುಚ್ಚಿತು. ಬರಿಗೈಯಲ್ಲಿ ಮರಳಿದವರಿಗೆ ಈಶ್ವರಚಂದ್ರ ವಿದ್ಯಾಸಾಗರರು ತಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟರ ಕೆಲಸ ಕೊಟ್ಟರು.

ಅದೇ ಹೊತ್ತಿಗೆ ಊರಿನಲ್ಲಿ ಒಂದು ಬದಲಾವಣೆ ಆಯಿತು. 1876ರ ಕಾನೂನಿನಂತೆ ನಗರಸಭೆಯ 72 ಮಂದಿ ಕಮಿಷನರುಗಳಲ್ಲಿ 48 ಜನರನ್ನು ಕಂದಾಯ ಕಟ್ಟುವವರೇ ಚುನಾಯಿಸಬಹುದಾಯಿತು. ಉಳಿದ 24 ಸರ್ಕಾರದ ನೇಮಕ. ದೇಶ ಆಳುವುದರಲ್ಲಿ ಭಾರತೀಯನಿಗೆ ಮತವೇ ಇಲ್ಲದ ಕಾಲ ಅದು. ಮೋರಿ, ದೀಪ, ನೀರಿನ ವಿಷಯದಲ್ಲಾದರೂ ಮತ ಹಾಕುವ ಹಕ್ಕು ಅವನಿಗೆ ಸಿಕ್ಕಿದ್ದು ಕಂದಾಯದ ರಸೀದಿಯಿಂದ. ಸುರೇಂದ್ರನಾಥರು ಆ ವರ್ಷವೇ ನಗರಸಭೆಗೆ ಬಂದರು. ಸರ್ಕಾರಿ ಕೆಲಸದಿಂದ ಹೊರಹಾಕಿಸಿಕೊಂಡವರು ಕಂದಾಯದಾರರ ಮತದ ಬಾಗಿಲಿನಿಂದ ಒಳಗೆ ಬಂದು ಇಪ್ಪತ್ತಮೂರು ವರ್ಷ ಅಲ್ಲಿದ್ದರು.

ನಡುವೆ ಅವರು ಬೇರೆ ಕೆಲಸಗಳನ್ನೂ ಕೈಗೆತ್ತಿಕೊಂಡರು. ‘ಬೆಂಗಾಲಿ’ ಪತ್ರಿಕೆ ನಡೆಸಿದರು, 1883ರಲ್ಲಿ ನ್ಯಾಯಾಂಗ ನಿಂದನೆಗೆ ಎರಡು ತಿಂಗಳು ಜೈಲು ಕಂಡರು, ರಿಪನ್ ಕಾಲೇಜು ಕಟ್ಟಿದರು. ಇಂದಿನ ಸುರೇಂದ್ರನಾಥ ಕಾಲೇಜು ಅದೇ.

ಆ ಕಾಲದ ಕಂದಾಯದ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬಂದೀತು ಎಂದು ಅಂದಾಜು ಮಾಡಿ, ಅದರ ಮೇಲೆ ಶೇಕಡಾವಾರು ದರ ಹಾಕುತ್ತಿದ್ದರು. ನೀರು, ದೀಪ, ಚರಂಡಿಯ ದರಗಳೆಲ್ಲ ಮುಂದೆ ಒಂದೇ ಬಿಲ್ಲಿನಲ್ಲಿ ಕೂಡಿಕೊಂಡವು. ಅರ್ಧ ಮಾಲೀಕ, ಇನ್ನರ್ಧ ಮನೆಯಲ್ಲಿ ವಾಸವಿದ್ದವನು ಕೊಡಬೇಕು. ಅಂದರೆ ಬಾಡಿಗೆಯವನೂ ಕಂದಾಯದಾರನೇ. ಈ ಹಣದಿಂದಲೇ ಪಲ್ತಾದಲ್ಲಿ ಗಂಗೆಯ ನೀರನ್ನು ಸೋಸಿ ನಗರಕ್ಕೆ ತರುತ್ತಿದ್ದರು, ನೆಲದಡಿಯ ಮೋರಿಗಳನ್ನು ನೋಡಿಕೊಳ್ಳುತ್ತಿದ್ದರು.

ಆದರೆ ಈ ಮತಕ್ಕೆ ಒಂದು ಮಿತಿ ಇತ್ತು. ಗೆದ್ದು ಬಂದವರಲ್ಲಿ ಮನೆ-ಜಮೀನು ಉಳ್ಳ ಭದ್ರಲೋಕದವರೇ ಹೆಚ್ಚು. ತಮ್ಮ ಮೇಲೆ ತಾವೇ ಕಂದಾಯ ಏರಿಸಿಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ? ಬಸ್ತಿಗಳಲ್ಲಿ, ಅಂದರೆ ಕೊಳೆಗೇರಿಗಳಲ್ಲಿ, ಇದ್ದವರಿಗೆ ಮೋರಿ ಎಲ್ಲರಿಗಿಂತ ಹೆಚ್ಚು ಬೇಕಿತ್ತು. ಮತ ಮಾತ್ರ ಇರಲಿಲ್ಲ. ಇದನ್ನು ಮರೆತು ಸುರೇಂದ್ರನಾಥರನ್ನು ಹೊಗಳಿದರೆ ಅರ್ಧ ಕಥೆ ಹೇಳಿದಂತೆ.

ಸರ್ಕಾರದ ಸಿಟ್ಟು ಬೇರೆಯದೇ ಕಾರಣಕ್ಕೆ. ಕಮಿಷನರುಗಳು ಮಾತಾಡುವುದೇ ಹೆಚ್ಚು, ಕೆಲಸ ಕಡಿಮೆ ಎಂದು ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಅಲೆಕ್ಸಾಂಡರ್ ಮೆಕೆಂಜಿ ದೂರಿದರು. ಮುಂಬೈಯಲ್ಲಿ ಪ್ಲೇಗು ಕಾಣಿಸಿಕೊಂಡಿದ್ದರಿಂದ ನೈರ್ಮಲ್ಯದ ನೆಪವೂ ಸಿಕ್ಕಿತು. ಅವರ ಹೆಸರಿನಿಂದಲೇ ಕರೆಯಲಾದ ಮಸೂದೆ ಲಾರ್ಡ್ ಕರ್ಜನ್ ಕಾಲದಲ್ಲಿ, 1899ರಲ್ಲಿ ಕಾನೂನಾಯಿತು. ಚುನಾಯಿತರ ಸಂಖ್ಯೆ ಅರ್ಧಕ್ಕೆ ಇಳಿದು 25 ಆಯಿತು. ಉಳಿದ 25 ಸ್ಥಾನಗಳು ಸರ್ಕಾರದ ಮತ್ತು ಯುರೋಪಿಯನ್ ವ್ಯಾಪಾರಿ ಸಂಸ್ಥೆಗಳ ಕೈಗೆ ಹೋದವು. ಕಂದಾಯ ಕಟ್ಟುವವರು ಅವರೇ, ಖರ್ಚು ತೀರ್ಮಾನಿಸುವವರು ಮಾತ್ರ ಬೇರೆ. ಸುರೇಂದ್ರನಾಥರು ಸೇರಿ 28 ಕಮಿಷನರುಗಳು ಒಟ್ಟಿಗೆ ರಾಜೀನಾಮೆ ಕೊಟ್ಟು ಹೊರನಡೆದರು.

ಆ ಕಾನೂನು ಇರುವವರೆಗೂ ಅವರು ಆ ಸಭೆಗೆ ಮರಳಲಿಲ್ಲ. 1921ರಲ್ಲಿ ಬಂಗಾಳದ ಸ್ಥಳೀಯ ಸ್ವಯಮಾಡಳಿತ ಸಚಿವರಾದಾಗ ಅವರಿಗೆ ಎಪ್ಪತ್ತರ ಮೇಲಾಗಿತ್ತು. ಗಾಂಧೀಜಿಯವರ ಅಸಹಕಾರ ಚಳವಳಿ ಕಾವೇರಿದ್ದ ದಿನಗಳವು. ಸರ್ಕಾರದ ಸಚಿವ ಪದವಿಯನ್ನೂ ‘ಸರ್’ ಬಿರುದನ್ನೂ ಒಪ್ಪಿಕೊಂಡಿದ್ದಕ್ಕೆ ಊರಿನ ಯುವಕರು ಅವರನ್ನು ಹಂಗಿಸಿದರು. ಅವರು ಆ ಪದವಿಯಿಂದ ಮಾಡಿದ ದೊಡ್ಡ ಕೆಲಸ 1923ರ ಕಲ್ಕತ್ತಾ ಮುನಿಸಿಪಲ್ ಕಾನೂನು. ಮೆಕೆಂಜಿಯ ಕಾನೂನು ರದ್ದಾಯಿತು. ಬಹುಪಾಲು ಸದಸ್ಯರು ಚುನಾಯಿತರಾದರು, ಸಭೆಗೆ ತಾನೇ ಆರಿಸಿಕೊಳ್ಳುವ ಮೇಯರ್ ಬಂದರು, ಹೆಂಗಸರಿಗೂ ಮತ ಸಿಕ್ಕಿತು. ಕಾಶೀಪುರ, ಮಾಣಿಕತಲಾದಂಥ ಅಂಚಿನ ಊರುಗಳು ನಗರಕ್ಕೆ ಸೇರಿದವು.

ಆ ಕೆಲಸದ ಫಲ ಉಣ್ಣುವ ಭಾಗ್ಯ ಅವರಿಗೆ ಇರಲಿಲ್ಲ. 1923ರ ಕೊನೆಯಲ್ಲಿ ನಡೆದ ಶಾಸನಸಭೆ ಚುನಾವಣೆಯಲ್ಲಿ ತಮ್ಮ ಸ್ವಂತ ಬ್ಯಾರಕ್‌ಪುರದಲ್ಲೇ ಬಿಧಾನಚಂದ್ರ ರಾಯ್ ಎಂಬ ಯುವ ವೈದ್ಯರ ಎದುರು ಸೋತರು. ಅವರೇ ತಂದ ಕಾನೂನಿನಡಿ 1924ರಲ್ಲಿ ಚಿತ್ತರಂಜನ ದಾಸ್ ಮೊದಲ ಮೇಯರ್ ಆದರು, ಇಪ್ಪತ್ತೇಳರ ಸುಭಾಷ್‌ಚಂದ್ರ ಬೋಸ್ ಮುಖ್ಯಾಧಿಕಾರಿಯಾದರು. 1925ರ ಆಗಸ್ಟ್ 6ರಂದು ಸುರೇಂದ್ರನಾಥರು ತೀರಿಕೊಂಡರು. ಅವರನ್ನು ಸೋಲಿಸಿದ ವೈದ್ಯರೂ ಮುಂದೆ ಇದೇ ನಗರದ ಮೇಯರ್ ಆದರು.

ಅವರ ನಂತರದ ಕಥೆಯಲ್ಲಿ ನನ್ನಂಥ ಲೆಕ್ಕದವರಿಗೆ ಆಸಕ್ತಿಯ ಇನ್ನೊಂದು ತಿರುವಿದೆ. ಸ್ವಾತಂತ್ರ್ಯದ ನಂತರ ಬಾಡಿಗೆ ನಿಯಂತ್ರಣ ಕಾನೂನು ಬಂತು. ಕಾನೂನು ಗೊತ್ತುಮಾಡಿದ ಬಾಡಿಗೆಗಿಂತ ಹೆಚ್ಚು ಅಂದಾಜು ಹಾಕಿ ಕಂದಾಯ ಕೇಳುವಂತಿಲ್ಲ ಎಂದು ಇದೇ ಪಾಲಿಕೆಯ ಪ್ರಕರಣದಲ್ಲಿ 1960ರ ದಶಕದ ಆರಂಭಕ್ಕೆ ಸುಪ್ರೀಂ ಕೋರ್ಟ್ ಹೇಳಿತು. ಹಳೆಯ ಮನೆಗಳ ಬಾಡಿಗೆ ನಿಂತಲ್ಲೇ ನಿಂತಿತು, ಅದರೊಡನೆ ಕಂದಾಯವೂ. ಮಾಲೀಕನಿಗೆ ರಿಪೇರಿ ಮಾಡಿಸಲು ಉತ್ಸಾಹ ಇಲ್ಲ, ಪಾಲಿಕೆಗೆ ಮೋರಿ ಮಾಡಿಸಲು ಹಣ ಇಲ್ಲ. ಉತ್ತರ ಕೋಲ್ಕತ್ತದಲ್ಲಿ ಬಾಲ್ಕನಿ ಜೋತುಬಿದ್ದ ದೊಡ್ಡ ಮನೆಗಳನ್ನು ನೋಡಿದಾಗಲೆಲ್ಲ ಇದು ನೆನಪಾಗುತ್ತದೆ. ಕೊನೆಗೆ 2017ರಲ್ಲಿ ಇಲ್ಲಿನ ಪಾಲಿಕೆ ಬಾಡಿಗೆಯ ಅಂದಾಜು ಬಿಟ್ಟು, ನಗರವನ್ನು ಎ ಯಿಂದ ಜಿ ವರೆಗೆ ಏಳು ದರ್ಜೆ ಮಾಡಿ ಚದರಡಿ ಲೆಕ್ಕದ ಪದ್ಧತಿಗೆ ಬಂತು. ಬೆಂಗಳೂರು ಇಂಥ ಪದ್ಧತಿಗೆ 2008ರಲ್ಲೇ ಬಂದಿತ್ತು. ಕೆನಡಾದ ಊರುಗಳಲ್ಲಿ ನಗರಸಭೆಗಳ ಸ್ವಂತ ಆದಾಯದ ಮುಖ್ಯ ಮೂಲ ಇಂದಿಗೂ ಮನೆ ಕಂದಾಯವೇ. ಅಲ್ಲಿರುವ ನಮ್ಮವರೂ ದರ ಏರಿದ ವರ್ಷ ಇದೇ ಮಾತಾಡುತ್ತಾರೆ.

ಕಂದಾಯಕ್ಕೂ ಮತಕ್ಕೂ ಇದ್ದ ಗಂಟು ಕೋಲ್ಕತ್ತದಲ್ಲಿ ಪೂರ್ತಿ ಬಿಚ್ಚಿದ್ದು 1960ರ ದಶಕದಲ್ಲಿ, ಎಲ್ಲ ವಯಸ್ಕರಿಗೂ ಪಾಲಿಕೆ ಮತ ಬಂದಾಗ. ಈಗ ಬಸ್ತಿಯವನಿಗೂ ಮತ ಇದೆ. ಆದರೆ ಹೊರನಾಡಿನಲ್ಲಿರುವ ನಮ್ಮಲ್ಲಿ ಬಹಳ ಮಂದಿ ತಿರುವು ಮುರುವು ಸ್ಥಿತಿಯಲ್ಲಿದ್ದೇವೆ. ಸ್ವಂತ ಮನೆ ಇದ್ದರೆ ನೇರವಾಗಿ, ಬಾಡಿಗೆಯಾದರೆ ಬಾಡಿಗೆಯೊಳಗೆ ಸೇರಿಸಿ, ಕಂದಾಯ ಇಲ್ಲಿ ಕಟ್ಟುತ್ತೇವೆ. ಮತದಾರರ ಪಟ್ಟಿಯ ಹೆಸರು ಮಾತ್ರ ಹಾಸನದಲ್ಲೋ ಧಾರವಾಡದಲ್ಲೋ ಉಳಿದಿರುತ್ತದೆ. ಮಳೆಗಾಲದಲ್ಲಿ ಮೊಣಕಾಲುದ್ದ ನೀರು ನಿಂತಾಗ ಪಾಲಿಕೆಯನ್ನು ಬೈಯುತ್ತೇವೆ; ನಮ್ಮ ವಾರ್ಡಿನ ಕೌನ್ಸಿಲರ್ ಯಾರೆಂದು ಕೇಳಿದರೆ ಹೆಸರು ನಾಲಗೆಗೆ ಬರುವುದಿಲ್ಲ.

ವಾಸವಿರುವ ಊರಿನ ಪಟ್ಟಿಗೆ ಹೆಸರು ವರ್ಗಾಯಿಸಿಕೊಳ್ಳಲು ಹುಟ್ಟೂರು ಅಡ್ಡಿಯಲ್ಲ, ಭಾಷೆಯೂ ಅಡ್ಡಿಯಲ್ಲ. ಚುನಾವಣಾ ಆಯೋಗದ ನಮೂನೆ 8 ತುಂಬಿದರೆ ಆಯಿತು. ಕಂದಾಯ ಕಟ್ಟಿದವರ ಮಾತಿಗೆ ಬೆಲೆ ಇರಬೇಕು ಎಂದು ಸುರೇಂದ್ರನಾಥರು ಕುರ್ಚಿ ಬಿಟ್ಟು ಎದ್ದು ಹೋದ ನಗರ ಇದು. ಮತದ ಹಕ್ಕನ್ನು ಬಳಸದೆ ಬಿಡುವುದು, ಕಟ್ಟಿದ ಹಣದ ರಸೀದಿಯನ್ನು ನಾವೇ ಹರಿದು ಹಾಕಿದ ಹಾಗೆ.