ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆ ಸೀಳಿ ನೋಡಿದ ಡಾಕ್ಟರ್: ರೊನಾಲ್ಡ್ ರಾಸ್

ಚಳಿಜ್ವರ ಅನ್ನಿ, ಮಲೇರಿಯಾ ಅನ್ನಿ, ಇಲ್ಲವೇ ಗಡಿಭಾಗದ ಮರಾಠಿಯಲ್ಲಿ ಹಿವತಾಪ ಅನ್ನಿ, ರೋಗ ಒಂದೇ. ಅದು ಸೊಳ್ಳೆಯಿಂದ ಬರುತ್ತದೆ ಎಂಬುದು ಇಂದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ 1897ರ ತನಕ ಜಗತ್ತಿನ ಯಾವ ದೊಡ್ಡ ಡಾಕ್ಟರರಿಗೂ ಇದು ಖಚಿತವಾಗಿ ಗೊತ್ತಿರಲಿಲ್ಲ. ಅದಕ್ಕೆ ಮೊದಲ ಪುರಾವೆ ಸಿಕ್ಕಿದ್ದು ಲಂಡನ್ನಿನಲ್ಲಿ ಅಲ್ಲ, ಪ್ಯಾರಿಸ್ಸಿನಲ್ಲಿ ಅಲ್ಲ, ಸಿಕಂದರಾಬಾದಿನಲ್ಲಿ. ಸೊಲ್ಲಾಪುರದಲ್ಲಿ ರೈಲು ಹತ್ತಿ ಅಕ್ಕಲಕೋಟ ರೋಡ್, ದುಧನಿ, ಗುಲ್ಬರ್ಗ, ವಾಡಿ ದಾಟಿದರೆ ಅದೇ ಹಳಿ ಸಿಕಂದರಾಬಾದಿಗೆ ಒಯ್ಯುತ್ತದೆ. ಮುಂಬೈಯಿಂದ ಆ ಊರಿಗೆ ಅಂದು ಇದ್ದ ರೈಲು ದಾರಿಯೂ ಇದೇ.

ಆ ಪುರಾವೆ ಹುಡುಕಿದವರು ಬ್ರಿಟಿಷ್ ಸೈನ್ಯದ ಡಾಕ್ಟರ್ ರೊನಾಲ್ಡ್ ರಾಸ್. ಅವರ ಜೀವನದ ಕಥೆ ಬೆಂಗಳೂರಿಗೂ ಸೇರಿದ್ದು ಎಂಬುದು ಅನೇಕರಿಗೆ ಗೊತ್ತಿಲ್ಲ.

ಕವಿಯಾಗಬೇಕಿದ್ದ ಹುಡುಗ

ರೊನಾಲ್ಡ್ ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಅಲ್ಮೋರಾದಲ್ಲಿ. ಮೀರತ್‌ನಲ್ಲಿ ಸಿಪಾಯಿಗಳು ದಂಗೆ ಎದ್ದು ಆಗಿನ್ನೂ ಮೂರೇ ದಿನವಾಗಿತ್ತು. ತಂದೆ ಸೈನ್ಯದ ದೊಡ್ಡ ಅಧಿಕಾರಿ. ಹತ್ತು ಮಕ್ಕಳಲ್ಲಿ ರೊನಾಲ್ಡ್ ಹಿರಿಯವರು. ಎಂಟನೆಯ ವಯಸ್ಸಿಗೆ ಅವರನ್ನು ಓದಲೆಂದು ಇಂಗ್ಲೆಂಡಿಗೆ ಕಳಿಸಲಾಯಿತು.

ಹುಡುಗನಿಗೆ ಚಿತ್ರ ಬರೆಯುವ ಹುಚ್ಚು, ಕವಿತೆಯ ಹುಚ್ಚು, ಸಂಗೀತದ ಹುಚ್ಚು. ಡಾಕ್ಟರಿಕೆ ಮಾತ್ರ ಬೇಡ. ಆದರೆ ತಂದೆಯ ಹಟ ಗೆದ್ದಿತು. 1874ರಲ್ಲಿ ಲಂಡನ್ನಿನ ಸೇಂಟ್ ಬಾರ್ಥೊಲೊಮಿಯೊ ಆಸ್ಪತ್ರೆಯಲ್ಲಿ ವೈದ್ಯ ವಿದ್ಯಾರ್ಥಿಯಾದರು. ಓದಿನಲ್ಲಿ ಅಷ್ಟಕ್ಕಷ್ಟೇ. ಕೆಲಕಾಲ ಹಡಗಿನ ಡಾಕ್ಟರಾಗಿ ದುಡಿದು, 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಭಾರತಕ್ಕೆ ಮರಳಿದರು. ಮೊದಲ ವರ್ಷಗಳಲ್ಲಿ ಅವರ ಮನಸ್ಸೆಲ್ಲ ಗಣಿತ, ನಾಟಕ, ಕಾದಂಬರಿಗಳಲ್ಲೇ ಇತ್ತು.

ಬೆಂಗಳೂರಿನ ನೀರಿನ ಪೀಪಾಯಿ

1883ರಲ್ಲಿ ರಾಸ್ ಬೆಂಗಳೂರಿಗೆ ಬಂದರು. ಇರಲು ಒಂದು ಬಂಗಲೆ ಸಿಕ್ಕಿತು. ಆದರೆ ಉಳಿದವರ ಕೋಣೆಗಿಂತ ಅವರ ಕೋಣೆಯಲ್ಲೇ ಸೊಳ್ಳೆ ಹೆಚ್ಚು. ಏಕೆ ಎಂದು ಹುಡುಕಿದಾಗ ಕಿಟಕಿಯ ಹೊರಗೆ ಇಟ್ಟಿದ್ದ ನೀರಿನ ಪೀಪಾಯಿ ಕಣ್ಣಿಗೆ ಬಿತ್ತು. ಇಣುಕಿದರೆ ನೀರಿನ ತುಂಬ ಹುಳುಗಳು ಕುಣಿಯುತ್ತಿದ್ದವು. ಪೀಪಾಯಿ ಬೋರಲು ಹಾಕಿಸಿದರು. ಸೊಳ್ಳೆ ಕಡಿಮೆಯಾದವು.

ಇಷ್ಟು ಸುಲಭವಾದರೆ ಇಡೀ ಅಧಿಕಾರಿಗಳ ಮೆಸ್ಸಿನಲ್ಲೇ ಮಾಡಬಹುದಲ್ಲ ಎಂದು ರಾಸ್ ಮೇಲಿನ ಅಧಿಕಾರಿಗೆ ಸೂಚಿಸಿದರು. ಹೂದಾನಿ, ತೊಟ್ಟಿ, ಡಬ್ಬಿಗಳ ನೀರು ಚೆಲ್ಲಿದರೆ ಸಾಕಿತ್ತು. ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಯನ್ನು ದೇವರು ಮಾಡಿದ್ದು, ಸಹಿಸಿಕೊಳ್ಳಬೇಕು ಎಂಬ ಧಾಟಿಯ ಉತ್ತರ ಬಂತು.

ರಾಸ್ ಕೂಡ ಮುಂದೆ ಯೋಚಿಸಲಿಲ್ಲ. ಸೊಳ್ಳೆ ಎಂದರೆ ನಿದ್ದೆ ಕೆಡಿಸುವ ಪೀಡೆ, ಅಷ್ಟೇ. ಜ್ವರಕ್ಕೂ ಅದಕ್ಕೂ ನಂಟಿದೆ ಎಂದು ಆಗ ಅವರಿಗೆ ಹೊಳೆಯಲಿಲ್ಲ. ಅದಕ್ಕೆ ಪುರಾವೆ ಸಿಗಲು ಇನ್ನೂ ಹದಿನಾಲ್ಕು ವರ್ಷ ಬೇಕಾಯಿತು.

ಕೆಟ್ಟ ಗಾಳಿಯೋ, ಕೀಟವೋ?

ಮಲೇರಿಯಾ ಎಂಬ ಇಟಲಿಯ ಮಾತಿಗೆ ಕೆಟ್ಟ ಗಾಳಿ ಎಂದೇ ಅರ್ಥ. ಜೌಗು ನೆಲದ ದುರ್ಗಂಧದಿಂದ ಜ್ವರ ಬರುತ್ತದೆ ಎಂದು ನೂರಾರು ವರ್ಷ ನಂಬಿದ್ದರು. 1880ರಲ್ಲಿ ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೈನ್ಯದ ಡಾಕ್ಟರ್ ಲಾವೆರಾನ್, ರೋಗಿಯ ರಕ್ತದಲ್ಲಿ ಜೀವಂತ ಪರಾವಲಂಬಿಗಳನ್ನು ಕಂಡರು. ಪರಾವಲಂಬಿ ಎಂದರೆ ಇನ್ನೊಂದು ಜೀವಿಯ ದೇಹದಲ್ಲಿ ಕುಳಿತು ಅದನ್ನೇ ತಿಂದು ಬದುಕುವ ಜೀವಿ. ಮಲೇರಿಯಾದ ಪರಾವಲಂಬಿ ನಮ್ಮ ಕೆಂಪು ರಕ್ತಕಣದ ಒಳಗೆ ಕುಳಿತು ಅದನ್ನು ತಿನ್ನುತ್ತದೆ. ತಿಂದು ಉಳಿದ ಕಸ ಕಪ್ಪು ಚುಕ್ಕೆಗಳಾಗಿ ಅದರ ಮೈಯಲ್ಲಿ ಕಾಣುತ್ತದೆ. ಈ ಕಪ್ಪು ಚುಕ್ಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಕಥೆ ತಿರುಗುವುದು ಇದರಿಂದಲೇ.

ರಾಸ್ ಮೊದಮೊದಲು ಲಾವೆರಾನ್ ಮಾತನ್ನು ನಂಬಲಿಲ್ಲ. ಜ್ವರ ಕರುಳಿನ ತೊಂದರೆಯಿಂದ ಹುಟ್ಟುತ್ತದೆ ಎಂದು ಬರೆದಿದ್ದರು. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ಡಾಕ್ಟರ್ ಸೂಕ್ಷ್ಮದರ್ಶಕದಲ್ಲಿ ಆ ಪರಾವಲಂಬಿಯನ್ನು ತೋರಿಸಿಕೊಟ್ಟರು. ಆನೆಕಾಲು ರೋಗದ ಹುಳು ಸೊಳ್ಳೆಯ ದೇಹದಲ್ಲಿ ಬೆಳೆಯುತ್ತದೆ ಎಂದು ಚೀನಾದಲ್ಲಿದ್ದಾಗ ಕಂಡುಹಿಡಿದವರು ಈ ಮ್ಯಾನ್ಸನ್. ಮಲೇರಿಯಾಕ್ಕೂ ಸೊಳ್ಳೆಯೇ ಆಸರೆ ಇರಬೇಕು ಎಂಬುದು ಅವರ ಊಹೆ. ಆದರೆ ಸೊಳ್ಳೆ ಕಚ್ಚಿದರೆ ರೋಗ ಬರುತ್ತದೆ ಎಂದು ಅವರಿಗೂ ಅನಿಸಿರಲಿಲ್ಲ. ಸೊಳ್ಳೆ ನೀರಿನಲ್ಲಿ ಬಿದ್ದು ಸಾಯುತ್ತದೆ, ಆ ನೀರು ಕುಡಿದವರಿಗೆ ಜ್ವರ ಬರುತ್ತದೆ ಎಂದು ತಿಳಿದಿದ್ದರು.

1895ರಲ್ಲಿ ರಾಸ್ ಸಿಕಂದರಾಬಾದಿನ ಪಲ್ಟಣಿಗೆ ಬಂದು ಕೆಲಸ ಶುರು ಮಾಡಿದರು. ಸೊಳ್ಳೆ ಸತ್ತ ನೀರನ್ನು ಒಪ್ಪಿದ ಆಳುಗಳಿಗೆ ಕುಡಿಸಿ ನೋಡಿದರು. ಲಕ್ಷ್ಮಣ ಎಂಬಾತನಿಗೆ ಸ್ವಲ್ಪ ಜ್ವರ ಬಂತು. ಮತ್ತೆ ಮತ್ತೆ ಮಾಡಿದಾಗ ಫಲ ಸಿಗಲಿಲ್ಲ. ಇಂದಿನ ಕಾಲಕ್ಕೆ ಇಂಥ ಪ್ರಯೋಗವನ್ನು ಯಾವ ವೈದ್ಯಕೀಯ ಸಮಿತಿಯೂ ಒಪ್ಪುವುದಿಲ್ಲ. ಅಂದು ಕೇಳುವವರೇ ಇರಲಿಲ್ಲ.

ಅಷ್ಟರಲ್ಲಿ ಬೆಂಗಳೂರಿನಲ್ಲಿ ಕಾಲರಾ ಎದ್ದಿತು. 1895ರ ಸೆಪ್ಟೆಂಬರಿನಲ್ಲಿ ಸರ್ಕಾರ ರಾಸ್ ಅವರನ್ನು ಅಲ್ಲಿಗೆ ಕಳಿಸಿತು. ಗಟಾರು, ಬಾವಿ, ಗಲ್ಲಿಗಳನ್ನು ಸ್ವಚ್ಛ ಮಾಡಿಸುವುದರಲ್ಲೇ ಬಹಳ ಕಾಲ ಹೋಯಿತು. ಸೊಳ್ಳೆಯ ಕೆಲಸ ಹಿಂದೆ ಬಿತ್ತು. ಆದರೆ ಊರಿನ ಆರೋಗ್ಯ ಎಂದರೆ ಔಷಧದ ಬಾಟಲಿ ಮಾತ್ರವಲ್ಲ, ನೀರು ಮತ್ತು ಕೊಳಚೆಯ ವ್ಯವಸ್ಥೆ ಎಂಬ ಪಾಠವನ್ನು ಬೆಂಗಳೂರು ಅವರಿಗೆ ಕಲಿಸಿತು.

ಹತ್ತು ಸೊಳ್ಳೆ, ಹತ್ತು ಆಣೆ

1897ರಲ್ಲಿ ರಜೆ ಹಾಕಿ ನೀಲಗಿರಿಯ ಉದಕಮಂಡಲಕ್ಕೆ ಹೋದರು. ಬೆಟ್ಟದ ಕೆಳಗಿನ ಸಿಗೂರು ಘಾಟ್ ಜ್ವರಕ್ಕೆ ಹೆಸರಾದ ಜಾಗ. ಅಲ್ಲಿ ಓಡಾಡಿದ ರಾಸ್ ಅವರಿಗೇ ಮಲೇರಿಯಾ ಹಿಡಿಯಿತು. ಅಲ್ಲೇ ಒಂದು ಹೊಸ ಬಗೆಯ ಸೊಳ್ಳೆ ಕಂಡಿತು. ರೆಕ್ಕೆಯ ಮೇಲೆ ಮಚ್ಚೆ, ಗೋಡೆಯ ಮೇಲೆ ಕೂತರೆ ಹಿಂಭಾಗ ಮೇಲಕ್ಕೆತ್ತಿ ಓರೆಯಾಗಿ ಕೂರುವ ಜಾತಿ. ಅದುವರೆಗೆ ಅವರು ನೂರಾರು ಸೊಳ್ಳೆ ಸೀಳಿದ್ದರು. ಅವೆಲ್ಲ ಬೂದು ಬಣ್ಣದವು ಅಥವಾ ಪಟ್ಟೆಯವು. ಅವುಗಳಲ್ಲಿ ಮನುಷ್ಯರ ಮಲೇರಿಯಾ ಬೆಳೆಯುವುದೇ ಇಲ್ಲ. ಎರಡು ವರ್ಷದ ದುಡಿಮೆ ತಪ್ಪು ಸೊಳ್ಳೆಯ ಮೇಲೆ ಹೋಗಿತ್ತು.

ಜೂನ್‌ನಲ್ಲಿ ಸಿಕಂದರಾಬಾದಿಗೆ ಮರಳಿದರು. ಬೇಗಂಪೇಟೆಯ ಚಿಕ್ಕ ಆಸ್ಪತ್ರೆಯಲ್ಲಿ ಕೆಲಸ. ವಿಪರೀತ ಸೆಕೆ. ಪಂಖ ಬೀಸಿದರೆ ಸೀಳಿಟ್ಟ ಸೊಳ್ಳೆ ಹಾರಿಹೋಗುತ್ತದೆ ಎಂದು ಪಂಖ ನಿಲ್ಲಿಸಿದ್ದರು. ಹಣೆಯಿಂದ ಸುರಿದ ಬೆವರಿಗೆ ಸೂಕ್ಷ್ಮದರ್ಶಕದ ಸ್ಕ್ರೂಗಳು ತುಕ್ಕು ಹಿಡಿದಿದ್ದವು.

ಆಗಸ್ಟ್‌ನಲ್ಲಿ ಮಚ್ಚೆರೆಕ್ಕೆಯ ಸೊಳ್ಳೆಯ ಮರಿಗಳು ಸಿಕ್ಕವು. ಅವನ್ನು ಬೆಳೆಸಿ, ಆಗಸ್ಟ್ 16ರಂದು ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯನ್ನು ಸೊಳ್ಳೆಪರದೆಯೊಳಗೆ ಮಲಗಿಸಿ ಕಚ್ಚಿಸಿದರು. ಕಚ್ಚಿದ ಒಂದೊಂದು ಸೊಳ್ಳೆಗೆ ಒಂದಾಣೆ ಕೂಲಿ. ಹತ್ತು ಸೊಳ್ಳೆ ಹೊಟ್ಟೆ ತುಂಬ ರಕ್ತ ಕುಡಿದವು, ಹುಸೇನ್ ಖಾನ್‌ಗೆ ಹತ್ತು ಆಣೆ ಸಿಕ್ಕಿತು.

ನಂತರದ ದಿನಗಳಲ್ಲಿ ಒಂದೊಂದಾಗಿ ಸೀಳುತ್ತ ಹೋದರು. ಏನೂ ಇಲ್ಲ. ಆಗಸ್ಟ್ 20ಕ್ಕೆ ಕೆಲವೇ ಉಳಿದಿದ್ದವು. ಆ ದಿನ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ದುಂಡನೆಯ ಕೋಶಗಳು ಕಂಡವು. ಅವುಗಳೊಳಗೆ ಕಪ್ಪು ಚುಕ್ಕೆಗಳು! ಮನುಷ್ಯನ ರಕ್ತದಲ್ಲಿ ಕಂಡ ಅದೇ ಚುಕ್ಕೆಗಳು. ಸೊಳ್ಳೆಗೆ ಅವು ಬೇರೆಲ್ಲಿಂದಲೂ ಬರುವಂತಿಲ್ಲ. ಮರುದಿನ ಇನ್ನೊಂದು ಸೊಳ್ಳೆ ಸೀಳಿದರೆ ಕೋಶಗಳು ಇನ್ನೂ ದೊಡ್ಡವಾಗಿದ್ದವು. ಅಂದರೆ ಪರಾವಲಂಬಿ ಸೊಳ್ಳೆಯ ಒಳಗೆ ಬದುಕಿ ಬೆಳೆಯುತ್ತಿತ್ತು. ನಲವತ್ತು ವರ್ಷದ ರಾಸ್ ಅವರೊಳಗಿನ ಕವಿ ಎದ್ದು ಕುಳಿತ. ಆ ಸಂತೋಷದಲ್ಲಿ ಅವರು ಕವಿತೆ ಬರೆದರು.

ಹಕ್ಕಿಗಳು ಮುಗಿಸಿಕೊಟ್ಟ ಕೆಲಸ

ಅರ್ಧ ಉತ್ತರ ಸಿಕ್ಕಿತ್ತು. ಇನ್ನರ್ಧ ಹುಡುಕುವಷ್ಟರಲ್ಲಿ ವರ್ಗಾವಣೆಯ ಹುಕುಂ ಬಂತು. ರಾಜಪುತಾನದ ಖೇರವಾಡಾಕ್ಕೆ ಹೋದರೆ ಅಲ್ಲಿ ಮಲೇರಿಯಾ ರೋಗಿಗಳೇ ಅಪರೂಪ. ತಿಂಗಳುಗಟ್ಟಲೆ ಕೆಲಸ ನಿಂತಿತು. ಮ್ಯಾನ್ಸನ್ ಲಂಡನ್ನಿನಲ್ಲಿ ಪ್ರಯತ್ನ ಮಾಡಿದ ಮೇಲೆ 1898ರ ಆರಂಭದಲ್ಲಿ ಕಲ್ಕತ್ತಾದ ಪ್ರಯೋಗಾಲಯ ದೊರೆಯಿತು.

ಅಲ್ಲಿ ಬೇರೆ ತೊಂದರೆ. ಪ್ಲೇಗಿನ ಭಯದ ಕಾಲ ಅದು. ಡಾಕ್ಟರ್ ಸೂಜಿ ಹಿಡಿದು ಬಂದರೆ ಜನ ಓಡಿಹೋಗುತ್ತಿದ್ದರು. ಆಗ ರಾಸ್ ಹಕ್ಕಿಗಳ ಕಡೆ ತಿರುಗಿದರು. ಗುಬ್ಬಿ, ಪಾರಿವಾಳಗಳಿಗೂ ಒಂದು ಬಗೆಯ ಮಲೇರಿಯಾ ಬರುತ್ತದೆ. ಹಕ್ಕಿಯ ರಕ್ತ ಕುಡಿದ ಬೂದು ಸೊಳ್ಳೆಯಲ್ಲಿ ಪರಾವಲಂಬಿಯ ಬೆನ್ನು ಹತ್ತಿದರು. ಹೊಟ್ಟೆಯ ಕೋಶ ಒಡೆದು ಸಾವಿರಾರು ಸೂಕ್ಷ್ಮ ಎಳೆಗಳು ಹೊರಬಿದ್ದು ಎಲ್ಲಿಗೆ ಹೋಗುತ್ತವೆ? 1898ರ ಜುಲೈಯಲ್ಲಿ ಉತ್ತರ ಸಿಕ್ಕಿತು. ಅವು ಸೇರಿದ್ದು ಸೊಳ್ಳೆಯ ಜೊಲ್ಲಿನ ಗ್ರಂಥಿಗೆ. ಅಂದರೆ ರೋಗ ಬರುವುದು ನೀರು ಕುಡಿದಲ್ಲ, ಸೊಳ್ಳೆ ಕಚ್ಚಿದಾಗ. ಆ ಸೊಳ್ಳೆಗಳಿಂದ ಆರೋಗ್ಯವಂತ ಗುಬ್ಬಿಗಳನ್ನು ಕಚ್ಚಿಸಿದಾಗ ಬಹುಪಾಲು ಗುಬ್ಬಿಗಳಿಗೆ ಮಲೇರಿಯಾ ಬಂತು.

ಅದೇ ವರ್ಷದ ಕೊನೆಗೆ ಇಟಲಿಯ ಗ್ರಾಸಿ ಮತ್ತು ಸಂಗಡಿಗರು ಮನುಷ್ಯರ ಮಲೇರಿಯಾಕ್ಕೆ ಅನಾಫಿಲಿಸ್ ಜಾತಿಯ ಸೊಳ್ಳೆಯೇ ಕಾರಣ ಎಂದು ಪೂರ್ತಿಯಾಗಿ ತೋರಿಸಿದರು. ರಾಸ್ ಕಂಡ ಮಚ್ಚೆರೆಕ್ಕೆಯ ಸೊಳ್ಳೆಯೂ ಅದೇ ಜಾತಿ. ಇಲ್ಲಿಂದ ದೊಡ್ಡ ಜಗಳ ಶುರುವಾಯಿತು. ಮೊದಲು ಕಂಡವರು ಯಾರು ಎಂದು ರಾಸ್ ಮತ್ತು ಗ್ರಾಸಿ ಬದುಕಿರುವ ತನಕ ಕಾದಾಡಿದರು. 1902ರ ನೊಬೆಲ್ ಬಹುಮಾನ ರಾಸ್ ಒಬ್ಬರಿಗೇ ಬಂತು. ಲಾವೆರಾನ್ ಅವರಿಗೆ 1907ರಲ್ಲಿ ಸಿಕ್ಕಿತು. ಗ್ರಾಸಿಗೆ ಸಿಗಲೇ ಇಲ್ಲ.

ಕಲ್ಕತ್ತಾದಲ್ಲಿ ರಾಸ್ ಅವರಿಗೆ ನೆರವಾದ ಕಿಶೋರಿ ಮೋಹನ ಬಂದ್ಯೋಪಾಧ್ಯಾಯರಿಗೆ 1903ರಲ್ಲಿ ದೊರೆ ಎಡ್ವರ್ಡ್ ಹೆಸರಿನ ಚಿನ್ನದ ಪದಕ ಬಂತು. ಸೊಳ್ಳೆ, ಹಕ್ಕಿ ನೋಡಿಕೊಂಡ ಮಹಮ್ಮದ್ ಬಕ್ಷ್, ರಕ್ತ ಕೊಟ್ಟ ಹುಸೇನ್ ಖಾನ್ ಪುಸ್ತಕದ ಪುಟಗಳಲ್ಲಿ ಹೆಸರಾಗಿ ಮಾತ್ರ ಉಳಿದರು.

ಎಲ್ಲ ಸೊಳ್ಳೆ ಕೊಲ್ಲಬೇಕಿಲ್ಲ

1899ರಲ್ಲಿ ರಾಸ್ ಭಾರತ ಬಿಟ್ಟು ಲಿವರ್‌ಪೂಲ್‌ನಲ್ಲಿ ಪಾಠ ಹೇಳಲು ಹೋದರು. ಆಫ್ರಿಕಾ, ಸೂಯೆಜ್, ಮಾರಿಷಸ್ ಸುತ್ತಿ ಮಲೇರಿಯಾ ತಡೆಯುವ ದಾರಿ ಹೇಳಿಕೊಟ್ಟರು. ಹಳೆಯ ಗಣಿತದ ಹುಚ್ಚು ಈಗ ಕೆಲಸಕ್ಕೆ ಬಂತು. ಒಂದು ಊರಿನಲ್ಲಿ ರೋಗ ನಿಲ್ಲಬೇಕಾದರೆ ಕೊನೆಯ ಸೊಳ್ಳೆಯ ತನಕ ಕೊಲ್ಲಬೇಕಿಲ್ಲ, ಅವುಗಳ ಸಂಖ್ಯೆ ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ರೋಗ ತಾನಾಗಿ ಆರುತ್ತದೆ ಎಂದು ಲೆಕ್ಕ ಮಾಡಿ ತೋರಿಸಿದರು. ಸಾಂಕ್ರಾಮಿಕ ರೋಗಗಳ ಲೆಕ್ಕಾಚಾರಕ್ಕೆ ಇಂದಿಗೂ ಇದು ಅಡಿಗಲ್ಲು.

1911ರಲ್ಲಿ ಸರ್ ಪದವಿ ಬಂತು. 1914ರ ಮಹಾಯುದ್ಧದಲ್ಲಿ ಹಿರಿಯ ಮಗನನ್ನು ಕಳೆದುಕೊಂಡರು. ಸ್ವಭಾವದಲ್ಲಿ ಮುಂಗೋಪಿ. ಗುರುವಿನಂತಿದ್ದ ಮ್ಯಾನ್ಸನ್ ಜೊತೆಗೂ ಕೆಡಿಸಿಕೊಂಡರು. ಸರ್ಕಾರ ತನ್ನನ್ನು ಸರಿಯಾಗಿ ನಡೆಸಿಕೊಳ್ಳಲಿಲ್ಲ ಎಂಬ ಕೊರಗು ಕೊನೆಯ ತನಕ ಇತ್ತು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು. ಬೇಗಂಪೇಟೆಯ ಆ ಕಟ್ಟಡ ಮುಂದೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಅಡಿಯಲ್ಲಿ ಅವರ ಹೆಸರಿನ ಪರಾವಲಂಬಿ ಅಧ್ಯಯನ ಸಂಸ್ಥೆಯಾಯಿತು. ಆಗಸ್ಟ್ 20 ವಿಶ್ವ ಸೊಳ್ಳೆ ದಿನವಾಗಿದೆ.

ರಾಸ್ ಸತ್ತ ಮೇಲೂ ರೋಗ ಸಾಯಲಿಲ್ಲ. 1947ರ ಸುಮಾರಿಗೆ ಭಾರತದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು ಎಂಬ ಅಂದಾಜಿದೆ. 1953ರಲ್ಲಿ ದೇಶದ ತುಂಬ ಡಿಡಿಟಿ ಹೊಡೆಯುವ ಕಾರ್ಯಕ್ರಮ ಶುರುವಾಗಿ, 1960ರ ದಶಕದ ಆರಂಭಕ್ಕೆ ರೋಗಿಗಳ ಸಂಖ್ಯೆ ಲಕ್ಷದ ಆಸುಪಾಸಿಗೆ ಇಳಿಯಿತು. ಗೆದ್ದೆವೆಂದು ಕೈಬಿಟ್ಟಿದ್ದೇ ತಡ, 1976ರಲ್ಲಿ ಮತ್ತೆ 64 ಲಕ್ಷಕ್ಕೆ ಏರಿತು. ಈಗ ಔಷಧಗಳಿವೆ. ಆಫ್ರಿಕಾದ ಮಕ್ಕಳಿಗಾಗಿ ಪುಣೆಯ ಸೀರಂ ಸಂಸ್ಥೆ ತಯಾರಿಸುವ ಲಸಿಕೆಗೆ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಯೂ ಸಿಕ್ಕಿದೆ.

ಆದರೆ ನಳದ ನೀರು ದಿನ ಬಿಟ್ಟು ದಿನ ಬರುವ ಊರುಗಳಲ್ಲಿ, ಬೇಸಿಗೆಗೆ ಟ್ಯಾಂಕರ್ ಕಾಯುವ ಹಳ್ಳಿಗಳಲ್ಲಿ, ನೀರು ತುಂಬಿಡದೆ ಬದುಕು ಸಾಗದು. ಅಕ್ಕಲಕೋಟ, ಮೈಂದರ್ಗಿ, ದುಧನಿಯ ಜನರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮಲೇರಿಯಾ ತರುವ ಒಂದು ಬಗೆಯ ಅನಾಫಿಲಿಸ್ ಸೊಳ್ಳೆ, ಡೆಂಗಿ ತರುವ ಪಟ್ಟೆ ಸೊಳ್ಳೆ, ಎರಡೂ ಮೊಟ್ಟೆ ಇಡುವುದು ಹೀಗೆ ತುಂಬಿಟ್ಟ ತಿಳಿನೀರಿನಲ್ಲೇ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಬ್ಯಾರಲ್ ಬರಿದು ಮಾಡಿ ಉಜ್ಜಿ ಒಣಗಿಸುವುದು, ಉಳಿದ ದಿನ ಬಟ್ಟೆ ಕಟ್ಟಿ ಮುಚ್ಚುವುದು, ಖಾಲಿ ಮಾಡಲಾಗದ ಹೌದಿಗೆ ಆರೋಗ್ಯ ಕೇಂದ್ರದಿಂದ ಗಪ್ಪಿ ಮೀನು ತಂದು ಬಿಡುವುದು, ಇಷ್ಟು ಮಾಡಿದರೆ ರಾಸ್ ಲೆಕ್ಕದ ಮಟ್ಟಕ್ಕೆ ಸೊಳ್ಳೆ ಇಳಿಸಬಹುದು. ಆದರೆ ಒಂದೇ ಮನೆ ಮಾಡಿದರೆ ಸಾಲದು, ಓಣಿಯ ಎಲ್ಲರೂ ಮಾಡಬೇಕು. ಚಳಿ ಬಿಟ್ಟು ಜ್ವರ ಬಂದರೆ ಅಂದೇ ರಕ್ತ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ದವಾಖಾನೆಯಲ್ಲಿ ಅದಕ್ಕೆ ಹಣ ಕೊಡಬೇಕಿಲ್ಲ.