ವಿಲ್ಹೆಲ್ಮ್ ಗ್ರಿಮ್ಮನ ಚರಿತ್ರೆ

ತೋಳನೂ ಏಳು ಆಡಿನ ಮರಿಗಳೂ ಎಂಬ ಕಥೆಯನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು. ಇಂಥ ಜರ್ಮನ್ ಕಥೆಗಳನ್ನು ಕೂಡಿಸಿ ಬರೆದವರು ಯಾಕೋಬ, ವಿಲ್ಹೆಲ್ಮ್ ಎಂಬ ಅಣ್ಣತಮ್ಮಂದಿರು. ಕಿರಿಯವನಾದ ವಿಲ್ಹೆಲ್ಮನ ಜೀವಿತವು ಮಕ್ಕಳಿಗೆ ಕಥೆ ಹೇಳುವವರೆಲ್ಲರಿಗೂ ಬುದ್ಧಿ ಕಲಿಸುವಂಥದ್ದಾಗಿದೆ.

ಈತನು 1786ನೆಯ ಇಸವಿ ಫೆಬ್ರವರಿ 24ರಲ್ಲಿ ಹಾನೌ ಪಟ್ಟಣದಲ್ಲಿ ಹುಟ್ಟಿದನು. ಇವನ ಅಜ್ಜನು ಸಭೆಯ ಬೋಧಕನಾಗಿದ್ದನು. 1796ರಲ್ಲಿ ತಂದೆಯು ತೀರಿಹೋಗಲು, ಆರು ಮಂದಿ ಮಕ್ಕಳುಳ್ಳ ಆ ಮನೆಯಲ್ಲಿ ಬಡತನವು ಹೊಕ್ಕಿತು. ತಾಯಿಯ ಸಹೋದರಿಯ ಸಹಾಯದಿಂದ ಅಣ್ಣತಮ್ಮಂದಿರು ಕಾಸೆಲ್ ಪಟ್ಟಣದಲ್ಲಿಯೂ ಆಮೇಲೆ ಮಾರ್ಬುರ್ಗಿನ ವಿದ್ಯಾಪೀಠದಲ್ಲಿಯೂ ಕಲಿತರು. ವಿಲ್ಹೆಲ್ಮನು ಎದೆಯ ರೋಗದಿಂದ ಬಹಳ ಬಳಲಿದನಾದರೂ ಓದನ್ನು ಬಿಡಲಿಲ್ಲ.

ಆ ಕಾಲದಲ್ಲಿ ಕಾಸೆಲ್ ಪಟ್ಟಣವು ಫ್ರೆಂಚರ ಕೈಕೆಳಗಿತ್ತು. ತಮ್ಮ ಜನರ ಹಳೆಯ ಕಥೆಗಳು ಅಳಿದುಹೋದಾವೆಂದು ಅಣ್ಣತಮ್ಮಂದಿರು ಚಿಂತಿಸಿ, ಹೇಳಬಲ್ಲವರಿಂದ ಅವುಗಳನ್ನು ಕೇಳಿ ಬರೆಯತೊಡಗಿದರು. ಮೊದಲನೆಯ ಭಾಗವು 1812ರಲ್ಲಿ 86 ಕಥೆಗಳೊಡನೆ ಅಚ್ಚಾಯಿತು. ಆ ಬಳಿಕ ಸಮೀಪದ ಹಳ್ಳಿಯಿಂದ ಕಾಯಿಪಲ್ಲೆ ಮಾರಲು ಬರುತ್ತಿದ್ದ ದೊರೋತೆಯಾ ಫೀಮನ್ ಎಂಬ ಸಿಂಪಿಗನ ಹೆಂಡತಿಯು ಅವರಿಗೆ ಪರಿಚಯವಾದಳು. ಆಕೆ ಬರೆಯುವವರಿಗೆ ಅನುಕೂಲವಾಗುವಂತೆ ನಿಧಾನವಾಗಿ ಹೇಳುವಳು. ಒಂದು ಮಾತು ತಪ್ಪಿದರೆ ತಾನೇ ತಿದ್ದುವಳು. ಆಕೆ ಬಡತನದಲ್ಲಿ 1815ರಲ್ಲಿ ತೀರಿಹೋದಳು. ಎರಡು ಮೂರು ವರುಷ ತಡವಾಗಿದ್ದರೆ ಆಕೆಯ ಕಥೆಗಳೂ ಆಕೆಯೊಡನೆ ಮಣ್ಣಾಗುತ್ತಿದ್ದವು. ಅಣ್ಣತಮ್ಮಂದಿರು ಆಕೆಯ ಚಿತ್ರವನ್ನು ತಮ್ಮ ಪುಸ್ತಕದಲ್ಲಿ ಅಚ್ಚು ಹಾಕಿಸಿ ಆಕೆಯನ್ನು ಗೌರವಿಸಿದರು.

ಈ ಕಥೆಗಳು ಮಕ್ಕಳಿಗೆ ತಕ್ಕವುಗಳಲ್ಲವೆಂದು ಕೆಲವರು ಆಕ್ಷೇಪಿಸಿದರು. ವಿಲ್ಹೆಲ್ಮನು ಕೋಪಗೊಳ್ಳದೆ, ಒಂದೊಂದು ಸಾರಿ ಅಚ್ಚಾಗುವಾಗಲೂ ಕಥೆಗಳನ್ನು ತಿದ್ದಿದನು; ಮಕ್ಕಳಿಗೆ ಸಲ್ಲದ್ದನ್ನು ತೆಗೆದನು, ನುಡಿಯನ್ನು ಸವಿಯಾಗಿಸಿದನು. 1825ರಲ್ಲಿ 50 ಕಥೆಗಳ ಚಿಕ್ಕ ಪುಸ್ತಕವನ್ನು ಹೊರಡಿಸಲು, ಅದು ಮನೆಮನೆಯನ್ನು ಸೇರಿತು. ಅದೇ ವರುಷ, ತನಗೆ ಕಥೆಗಳನ್ನು ಹೇಳಿದ್ದ ನೆರೆಮನೆಯ ಕನ್ಯೆಯಾದ ದೋರ್ಟ್ಶೆನ್ ವಿಲ್ಡಳನ್ನು ವಿವಾಹವಾದನು. ಈ ತಿದ್ದುಪಡಿಯ ಕೆಲಸವು 1857ರ ಏಳನೆಯ ಮುದ್ರಣದ ವರೆಗೂ ನಡೆಯಿತು.

1837ರಲ್ಲಿ ಹನೋವರದ ಅರಸನು ರಾಜ್ಯದ ಕಟ್ಟಳೆಯನ್ನು ರದ್ದುಮಾಡಲು, ತಾವು ಮಾಡಿದ ಆಣೆಯನ್ನು ಮುರಿಯಲಾರೆವೆಂದು ಗ್ಯೋಟಿಂಗೆನ್ ವಿದ್ಯಾಪೀಠದ ಏಳು ಮಂದಿ ಪಂಡಿತರು ಎದ್ದು ನಿಂತರು. ಈ ಅಣ್ಣತಮ್ಮಂದಿರೂ ಅವರಲ್ಲಿದ್ದು, ಕೆಲಸವನ್ನು ಕಳಕೊಂಡರು, ಮನಸ್ಸಾಕ್ಷಿಯನ್ನು ಕಳಕೊಳ್ಳಲಿಲ್ಲ. ಆಮೇಲೆ ಪ್ರಷ್ಯದ ಅರಸನು ಅವರನ್ನು ಬೆರ್ಲಿನ್ ಪಟ್ಟಣಕ್ಕೆ ಕರೆದನು. ಅಲ್ಲಿ ಜರ್ಮನ್ ಭಾಷೆಯ ದೊಡ್ಡ ನಿಘಂಟಿನ ಕೆಲಸದಲ್ಲಿರುವಾಗ, ವಿಲ್ಹೆಲ್ಮನು 1859ನೆಯ ಇಸವಿ ದಶಂಬರ 16ರಲ್ಲಿ ನಿದ್ರೆಹೋದನು.

ಅದೇ ಜರ್ಮನ್ ದೇಶದಲ್ಲಿ ಹುಟ್ಟಿ, 1853ರಲ್ಲಿ ಹಿಂದೂದೇಶಕ್ಕೆ ಬಂದು ಹುಬ್ಬಳ್ಳಿ ಧಾರವಾಡಗಳಲ್ಲಿ ಸೇವೆಮಾಡಿದ ಕಿಟ್ಟೆಲ್ ಪಾದ್ರಿಗಳು ನಮ್ಮ ಜನರ ಶಬ್ದಗಳನ್ನೂ ಗಾದೆಗಳನ್ನೂ ಕೂಡಿಸಿ 1894ರಲ್ಲಿ ಕನ್ನಡ ನಿಘಂಟನ್ನು ಹೊರಡಿಸಿದರು. ಅದಕ್ಕೆ ಮುಂಚೆ, 1862ರ ಕಥಾಮಾಲೆಯಲ್ಲಿ ಕರ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ಹೇಳಿದರು. ಪರದೇಶದಿಂದ ಬಂದ ಕಥೆಯು ಈ ನಾಡಿನ ಉಡುಪನ್ನು ಉಡಬೇಕೆಂದು ಅವರು ತಿಳಿದಿದ್ದರು.

ನಾವೂ ಹಾಗೆಯೇ ಮಾಡಬಹುದು. ಗ್ರಿಮ್ಮನ ಪುಸ್ತಕದಲ್ಲಿ ತಂದೆತಾಯಿಗಳಿಲ್ಲದ ಒಬ್ಬ ಹುಡುಗಿಯು ಹಸಿದವನಿಗೆ ತನ್ನ ರೊಟ್ಟಿಯನ್ನೂ ಚಳಿಯಲ್ಲಿ ನಡುಗುವ ಮಕ್ಕಳಿಗೆ ತನ್ನ ಬಟ್ಟೆಗಳನ್ನೂ ಕೊಡುತ್ತಾಳೆ. ಕೊನೆಗೆ ಆಕಾಶದ ನಕ್ಷತ್ರಗಳು ನಾಣ್ಯಗಳಾಗಿ ಅವಳ ಮುಂದೆ ಬೀಳುತ್ತವೆ. ಇದನ್ನು ನವಲಗುಂದದ ಮಕ್ಕಳಿಗೆ ಹೇಳುವಾಗ ಅಡವಿಯು ಎರೆಹೊಲವಾಗಲಿ, ರೊಟ್ಟಿಯು ಜೋಳದ ರೊಟ್ಟಿಯಾಗಲಿ, ಮೇಲಂಗಿಯು ಕಂಬಳಿಯಾಗಲಿ. ಹುಡುಗಿಯ ದಯೆಯು ಮಾತ್ರ ಬದಲಾಗದಿರಲಿ. ಕಲಘಟಗಿಯವರು ಅಡವಿಯನ್ನು ಅಡವಿಯಾಗಿಯೇ ಇಟ್ಟುಕೊಳ್ಳಬಹುದು.

ಆದರೆ ಪುಸ್ತಕವನ್ನು ತೆರೆಯುವ ಮುಂಚೆ ನಮ್ಮ ಮನೆಯ ಅಜ್ಜಿಯ ಬಳಿಯಲ್ಲಿ ಕೂತುಕೊಳ್ಳೋಣ. ದೊರೋತೆಯಾಳಂಥವರು ಅಣ್ಣಿಗೇರಿ, ಕುಂದಗೋಳಗಳ ಹಳ್ಳಿಗಳಲ್ಲಿಯೂ ಇದ್ದಾರೆ. ಅವರ ಬಾಯಿಯ ಕಥೆಯನ್ನು ಕೇಳಿ, ಬರೆದಿಟ್ಟು, ಮಕ್ಕಳಿಗೆ ದಾಟಿಸುವದು ನಮ್ಮ ಕರ್ತವ್ಯವಾಗಿದೆ. ಕರ್ತನು ತಾನೇ ಬಿತ್ತುವವನ ಮತ್ತು ಕುರಿ ಕಾಯುವವನ ಸಾಮ್ಯಗಳಿಂದ ಜನರಿಗೆ ಬೋಧಿಸಿದನಲ್ಲವೇ?